ಕುರ್ತುಬಾದ ಬೀದಿಯಿಂದ ಕೌಲ್ ಬಜಾರಿನವರೆಗೆ

ಸ್ಪೇನ್ ದೇಶದ ದಕ್ಷಿಣದಲ್ಲಿ ಗ್ವಾದಲ್ಕಿವಿರ್ ನದಿಯ ದಂಡೆಯ ಮೇಲೆ ಕಾರ್ಡೋಬಾ ಎಂಬ ಹಳೆಯ ನಗರವಿದೆ. ಉರ್ದು ಓದಿದವರಿಗೆ ಇದು ಕುರ್ತುಬಾ. ನದಿಯ ಹೆಸರೂ ಅರಬ್ಬಿಯದೇ: ವಾದಿಲ್ ಕಬೀರ್, ಅಂದರೆ ದೊಡ್ಡ ಹೊಳೆ. ಈ ನಗರವನ್ನು ನೋಡಲು ಪ್ರತಿವರ್ಷ ಲೋಕದ ಎಲ್ಲ ಕಡೆಯಿಂದ ಜನ ಹೋಗುತ್ತಾರೆ. ಹೋದವರು ಬಸ್ಸಿನಲ್ಲಿ ಕುಳಿತು ನೋಡುವುದಿಲ್ಲ, ಅಲ್ಲಿನ ಗಲ್ಲಿಗಳಲ್ಲಿ ಬಸ್ಸು ಹೋಗುವುದೂ ಇಲ್ಲ. ಊರಿನ ಇತಿಹಾಸ ಬಲ್ಲ ಒಬ್ಬ ಮಾರ್ಗದರ್ಶಿ ಮುಂದೆ ನಡೆಯುತ್ತಾನೆ, ಹತ್ತು ಹದಿನೈದು ಜನ ಹಿಂದೆ ನಡೆಯುತ್ತಾರೆ. ರೋಮನ್ನರ ಕಾಲದ ಸೇತುವೆ, ಮಹಾ ಮಸೀದಿ, ಯಹೂದಿಗಳ ಕೇರಿ, 1315ರಲ್ಲಿ ಕಟ್ಟಿದ ಅವರ ಪ್ರಾರ್ಥನಾ ಮಂದಿರ, ಇದೇ ಊರಿನಲ್ಲಿ 1126ರಲ್ಲಿ ಹುಟ್ಟಿದ ತತ್ವಜ್ಞಾನಿ ಇಬ್ನ್ ರುಶ್ದ್ ಅವರ ಪ್ರತಿಮೆ, ಇವನ್ನೆಲ್ಲ ನೋಡಿ ಕೊನೆಗೆ ಒಂದು ತಿಂಡಿ ಮನೆಗೆ ಬಂದು ನಿಲ್ಲುತ್ತಾರೆ. ಅಲ್ಲಿ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ತಿಂಡಿ ಬರುತ್ತದೆ. ಇದಕ್ಕೆ ಅವರು 'ತಪಾಸ್' ಎನ್ನುತ್ತಾರೆ. 'ತಪಾ' ಎಂದರೆ ಮುಚ್ಚಳ. ಹಿಂದೆ ಲೋಟದ ಬಾಯಿಗೆ ರೊಟ್ಟಿಯ ತುಂಡನ್ನೋ ಚಿಕ್ಕ ತಟ್ಟೆಯನ್ನೋ ಮುಚ್ಚಿ ಕೊಡುತ್ತಿದ್ದರು, ಅದರಿಂದ ಈ ಹೆಸರು ಬಂತು ಎಂದು ಹೇಳುತ್ತಾರೆ.

ನಾನು ಕಾರ್ಡೋಬಾಕ್ಕೆ ಹೋದವನಲ್ಲ. ಹೋಗುವ ಸಂಬಳವೂ ನಮ್ಮದಲ್ಲ. ಆದರೆ ಉರ್ದು ಕಲಿಸುವ ಯಾವ ಶಿಕ್ಷಕನಿಗೂ ಆ ಊರು ಅಪರಿಚಿತವಲ್ಲ. ಅಲ್ಲಾಮಾ ಇಕ್ಬಾಲರು 1933ರಲ್ಲಿ ಅಲ್ಲಿಗೆ ಹೋಗಿ ಬಂದು 'ಮಸ್ಜಿದೆ ಕುರ್ತುಬಾ' ಎಂಬ ಕವಿತೆ ಬರೆದರು. 1935ರಲ್ಲಿ ಪ್ರಕಟವಾದ 'ಬಾಲೆ ಜಿಬ್ರೀಲ್' ಸಂಕಲನದಲ್ಲಿ ಅದಿದೆ. ನಮ್ಮ ಮಕ್ಕಳು ಅದರ ಸಾಲುಗಳನ್ನು ಬಾಯಿಪಾಠ ಮಾಡಿ ಮುಷಾಯಿರಾಗಳಲ್ಲಿ ಬಹುಮಾನ ತೆಗೆದುಕೊಂಡು ಬರುತ್ತಾರೆ. ಅದೇ ಮಕ್ಕಳನ್ನು, "ಕೌಲ್ ಬಜಾರಿಗೆ ಕೌಲ್ ಬಜಾರ್ ಎಂದು ಏಕೆ ಹೆಸರು ಬಂತಪ್ಪಾ?" ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಲೇಖನ ಬರೆಯಲು ಅದೇ ಕಾರಣ.

ಕುರ್ತುಬಾದ ಮಾತನ್ನು ಇನ್ನಷ್ಟು ಮುಂದುವರಿಸುತ್ತೇನೆ, ಏಕೆಂದರೆ ಅದರಿಂದ ನಮ್ಮೂರನ್ನು ನೋಡುವ ಕಣ್ಣು ಸಿಗುತ್ತದೆ. ಅಲ್ಲಿನ ಮಹಾ ಮಸೀದಿಯನ್ನು ಮೊದಲನೆಯ ಅಬ್ದುರ್ರಹ್ಮಾನ್ 8ನೇ ಶತಮಾನದ ಕೊನೆಯಲ್ಲಿ ಆರಂಭಿಸಿದನು. ಇನ್ನೂರು ವರ್ಷಗಳ ಕಾಲ ಒಬ್ಬರಾದ ಮೇಲೊಬ್ಬರು ಅದನ್ನು ಬೆಳೆಸಿದರು. ಇಂದಿಗೂ ಅದರಲ್ಲಿ ಎಂಟುನೂರಕ್ಕೂ ಹೆಚ್ಚು ಕಂಬಗಳಿವೆ. 929ರಲ್ಲಿ ಮೂರನೆಯ ಅಬ್ದುರ್ರಹ್ಮಾನ್ ತನ್ನನ್ನು ಖಲೀಫನೆಂದು ಘೋಷಿಸಿಕೊಂಡಾಗ ಕುರ್ತುಬಾ ಯುರೋಪಿನ ಅತಿ ದೊಡ್ಡ ನಗರಗಳಲ್ಲಿ ಒಂದಾಗಿತ್ತು. 1236ರಲ್ಲಿ ಕ್ರೈಸ್ತ ದೊರೆ ಮೂರನೆಯ ಫರ್ಡಿನೆಂಡ್ ನಗರವನ್ನು ಗೆದ್ದನು. ಮಸೀದಿ ಚರ್ಚಾಯಿತು. ಈಗಲೂ ಅದು ಚರ್ಚೇ, ಜನ ಮಾತ್ರ 'ಮಸೀದಿ' ಎಂಬ ಅರ್ಥದ 'ಮೆಸ್ಕೀತಾ' ಎಂದೇ ಕರೆಯುತ್ತಾರೆ.

ಇನ್ನು ತಿಂಡಿಯ ವಿಷಯ. 822ರಲ್ಲಿ ಬಗ್ದಾದಿನ ಕಡೆಯಿಂದ ಝಿರಿಯಾಬ್ ಎಂಬ ಸಂಗೀತಗಾರ ಕುರ್ತುಬಾಕ್ಕೆ ಬಂದನು. ಊಟದಲ್ಲಿ ಮೊದಲು ಸಾರು, ಆಮೇಲೆ ಮಾಂಸ, ಕೊನೆಗೆ ಸಿಹಿ ಎಂಬ ಕ್ರಮವನ್ನು ಅಲ್ಲಿಯವರಿಗೆ ಕಲಿಸಿದವನು ಅವನೇ ಎಂಬ ಮಾತಿದೆ. ಅದು ಎಷ್ಟು ನಿಜವೋ, ಮಾತುಗಳಂತೂ ಸುಳ್ಳು ಹೇಳುವುದಿಲ್ಲ. ಸ್ಪೇನಿನವರು ಎಣ್ಣೆಗೆ ಅಸೈತೆ ಎನ್ನುತ್ತಾರೆ, ಅದು ಅರಬ್ಬಿಯ ಅಝ್ ಝೈತ್. ಅಕ್ಕಿಗೆ ಅರೋಸ್ ಎನ್ನುತ್ತಾರೆ, ಅದು ಅರ್ ರುಝ್. ಮಾಂಸದ ಉಂಡೆಗೆ ಅಲ್ಬೊಂದಿಗಾ, ಅದು ಅಲ್ ಬುಂದುಕಾ. ಸಕ್ಕರೆಗೆ ಅಸೂಕರ್, ಅದು ಅಸ್ ಸುಕ್ಕರ್, ಆ ಸುಕ್ಕರ್ ಮೂಲ ನಮ್ಮ ಸಂಸ್ಕೃತದ ಶರ್ಕರಾ. ಕುರ್ತುಬಾದ ತಿಂಡಿ ಮನೆಗಳಲ್ಲಿ ಬಹಳ ಹೆಸರಾದ ಒಂದು ತಟ್ಟೆ ಎಂದರೆ ಬದನೆಕಾಯಿಯ ಹೋಳುಗಳನ್ನು ಕರಿದು ಮೇಲೆ ಕಬ್ಬಿನ ಪಾಕ ಸುರಿದದ್ದು. ಬದನೆಯೂ ಕಬ್ಬೂ ಎರಡೂ ನಮ್ಮ ಕಡೆಯಿಂದ ಅರಬರ ಕೈದಾಟಿ ಅಲ್ಲಿಗೆ ಹೋದವು. ಅಲ್ಲಿ ಬದನೆಗೆ ಬೆರೆಂಖೇನಾ ಎನ್ನುತ್ತಾರೆ, ಅರಬ್ಬಿಯಲ್ಲಿ ಬಾದಿಂಜಾನ್, ನಮ್ಮ ಮನೆಯ ದಖನಿಯಲ್ಲಿ ಬೈಂಗನ್. ಒಂದೇ ಕುಟುಂಬದ ಮಕ್ಕಳು ಬೇರೆ ಬೇರೆ ಊರಿನಲ್ಲಿ ನೆಲೆಸಿದ ಹಾಗೆ.

ಅಲ್ಲಿನ ತಪಾಸಿನಲ್ಲಿ ಹಂದಿ ಮಾಂಸವೂ ಇದೆ, ಮದ್ಯದ ಜೊತೆ ಅದನ್ನು ಕೊಡುವ ರೂಢಿಯೂ ಇದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಲಿ. ಹಂದಿ ಮಾಂಸದ ಹಿಂದೆಯೂ ಒಂದು ಚರಿತ್ರೆಯಿದೆ. 1492ರ ಜನವರಿಯಲ್ಲಿ ಗ್ರನಾಡಾ ಬಿದ್ದ ಮೇಲೆ ಮೊದಲು ಯಹೂದಿಗಳನ್ನು ಹೊರಹಾಕಿದರು, ಮುಂದೆ ಮುಸ್ಲಿಮರನ್ನು ಬಲವಂತದಿಂದ ಮತಾಂತರಿಸಿದರು. ಮತಾಂತರಗೊಂಡವರು ನಿಜವಾಗಿ ಬದಲಾಗಿದ್ದಾರೋ ಇಲ್ಲವೋ ಎಂದು ವಿಚಾರಣೆ ಮಾಡುತ್ತಿದ್ದ ಚರ್ಚಿನ ನ್ಯಾಯಾಲಯಕ್ಕೆ ಹಂದಿ ಮಾಂಸ ತಿನ್ನದಿರುವುದೂ ಒಂದು ಸಾಕ್ಷ್ಯವಾಗಿತ್ತು. ಕೊನೆಗೆ 1609ರಿಂದ 1614ರವರೆಗೆ ಅವರ ಸಂತತಿಯನ್ನೂ ಹಡಗು ಹತ್ತಿಸಿ ಕಳಿಸಿಬಿಟ್ಟರು. ಹೀಗಾಗಿ ಕುರ್ತುಬಾದ ಮಾರ್ಗದರ್ಶಿ ತೋರಿಸುವುದು ಇಲ್ಲದವರ ಮನೆಯನ್ನು. ಕಂಬ ಉಳಿಯಿತು, ಮಾತು ಉಳಿಯಿತು, ಬದನೆಕಾಯಿ ಉಳಿಯಿತು. ಅವನ್ನು ತಂದವರ ಮೊಮ್ಮಕ್ಕಳು ಉಳಿಯಲಿಲ್ಲ.

ಈಗ ಬಳ್ಳಾರಿಗೆ ಬರೋಣ. ನಮ್ಮೂರಿನಲ್ಲಿ ಇಂಥ ಕಾಲ್ನಡಿಗೆ ಮಾಡಿಸಲು ಯಾವ ಸಾಮಗ್ರಿಯೂ ಕಡಿಮೆಯಿಲ್ಲ. ಇಲ್ಲಿ ಇನ್ನೊಂದು ಅನುಕೂಲವೂ ಇದೆ: ಯಾರ ಕಥೆ ಹೇಳುತ್ತೇವೋ ಅವರು ಇನ್ನೂ ಇದ್ದಾರೆ, ಅದೇ ಬೀದಿಯಲ್ಲಿ ಬಾಣಲೆ ಇಟ್ಟುಕೊಂಡು ಕುಳಿತಿದ್ದಾರೆ. ಕೆಲವು ವರ್ಷಗಳಿಂದ ಚಳಿಗಾಲದ ಭಾನುವಾರಗಳಲ್ಲಿ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳನ್ನು ಹೀಗೆ ನಡೆಸಿಕೊಂಡು ಹೋಗುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಬಳ್ಳಾರಿಯ ಬಿಸಿಲು ಎಲ್ಲರಿಗೂ ಗೊತ್ತೇ ಇದೆ, ಆದ್ದರಿಂದ ಬೆಳಿಗ್ಗೆ ಆರೂವರೆಗೆ ಕೋಟೆಯ ಬುಡದಲ್ಲಿ ಇರಬೇಕು.

ಕೋಟೆ ಎರಡು ಭಾಗದ್ದು. ಗುಡ್ಡದ ನೆತ್ತಿಯ ಮೇಲಿನ ಕೋಟೆಯನ್ನು ವಿಜಯನಗರದ ಅರಸರಿಗೆ ನಡೆದುಕೊಳ್ಳುತ್ತಿದ್ದ ಹನುಮಪ್ಪ ನಾಯಕ ಕಟ್ಟಿಸಿದನು ಎಂದು ಹೇಳುತ್ತಾರೆ. ಬುಡದ ಪೂರ್ವದ ಕಡೆ ಸುತ್ತುವರಿದ ಕೆಳಕೋಟೆಯು 18ನೇ ಶತಮಾನದ ಉತ್ತರಾರ್ಧದಲ್ಲಿ ನವಾಬ್ ಹೈದರ್ ಅಲಿಯವರ ಕೆಲಸ. ಆದವಾನಿಯ ಬಸಾಲತ್ ಜಂಗನ ಸೈನ್ಯ ಮುತ್ತಿದಾಗ ಇಲ್ಲಿನ ನಾಯಕನು ಹೈದರನ ನೆರವು ಕೇಳಿದನು. ಹೈದರ್ ಬಂದು ಮುತ್ತಿಗೆ ಬಿಡಿಸಿದನು, ಕೋಟೆಯನ್ನು ಮಾತ್ರ ತಾನೇ ಇಟ್ಟುಕೊಂಡನು. ರಾಜಕಾರಣ ಆಗಲೂ ಹಾಗೆಯೇ ಇತ್ತು. ಮೇಲೆ ಹತ್ತಿದರೆ ಬಂಡೆಯ ಸೀಳುಗಳಲ್ಲಿ ಮಳೆನೀರು ಹಿಡಿಯುವ ಹೊಂಡಗಳನ್ನು ನೋಡಬಹುದು. ನಮ್ಮ ಸೀಮೆಯಲ್ಲಿ ಕೋಟೆ ಕಟ್ಟುವುದಕ್ಕಿಂತ ಅದರಲ್ಲಿ ನೀರು ನಿಲ್ಲಿಸುವುದೇ ದೊಡ್ಡ ಕೆಲಸವಾಗಿತ್ತು.

ಊರಿನ ಹೆಸರಿನ ಐತಿಹ್ಯವೊಂದನ್ನು ಇಲ್ಲಿಯೇ ನಿಂತು ಹೇಳುತ್ತೇನೆ. ಲಿಂಗಪೂಜೆ ಮಾಡದೆ ಊಟ ಮಾಡದ ವ್ಯಾಪಾರಿಯೊಬ್ಬನಿಗೆ ಇಲ್ಲಿ ಲಿಂಗ ಸಿಗಲಿಲ್ಲವಂತೆ. ಕಾಳು ಅಳೆಯುವ ಬಳ್ಳವನ್ನೇ ಬೋರಲು ಹಾಕಿ ಲಿಂಗವೆಂದು ಪೂಜಿಸಿ ಉಂಡನಂತೆ. ಆ ಬಳ್ಳದಿಂದ ಬಳ್ಳಾರಿ. ವಿದ್ವಾಂಸರು ಬೇರೆ ವಿವರಣೆಗಳನ್ನೂ ಕೊಡುತ್ತಾರೆ. ನನಗೆ ಇದೇ ಇಷ್ಟ, ಏಕೆಂದರೆ ಇದರಲ್ಲಿ ದೇವರೂ ವ್ಯಾಪಾರವೂ ಹಸಿವೂ ಒಂದೇ ಪಾತ್ರೆಯಲ್ಲಿವೆ.

ಮಕ್ಕಳು ಹೆಚ್ಚು ಪ್ರಶ್ನೆ ಕೇಳುವುದು ಕೋಟೆಯ ಪೂರ್ವ ಬಾಗಿಲ ಬಳಿಯ ಗೋರಿಯ ವಿಷಯದಲ್ಲಿ. ಹೈದರನು ಒಬ್ಬ ಫ್ರೆಂಚ್ ಇಂಜಿನಿಯರನಿಂದ ಕೋಟೆ ಕಟ್ಟಿಸಿದನೆಂದೂ, ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಾಗಿರುವುದು ಕಂಡಿತೆಂದೂ, ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆ ಉಳಿಯದೆಂದು ಸಿಟ್ಟಾಗಿ ಆ ಇಂಜಿನಿಯರನನ್ನು ಗಲ್ಲಿಗೇರಿಸಿದನೆಂದೂ ಊರಿನಲ್ಲಿ ಕಥೆಯಿದೆ. ಆ ಗೋರಿ ಅವನದೇ ಎನ್ನುತ್ತಾರೆ. ನಮ್ಮ ಜನರಲ್ಲಿ ಅನೇಕರು ಅದನ್ನು ಒಪ್ಪುವುದಿಲ್ಲ, ಅದು ಒಬ್ಬ ವಲಿಯ ಮಜಾರು ಎನ್ನುತ್ತಾರೆ. ಒಂದೇ ಕಲ್ಲಿಗೆ ಎರಡು ಹೆಸರು.

ಕಳೆದ ಸಲ ಒಬ್ಬ ಹುಡುಗ, "ಸರ್, ಯಾವುದು ಸರಿ?" ಎಂದು ಕೇಳಿದ. ನಾನು ಅವನಿಗೆ ಉತ್ತರ ಕೊಡಲಿಲ್ಲ, ಬದಲಿಗೆ ಗುಡ್ಡದ ಮೇಲೆ ಕರೆದುಕೊಂಡು ಹೋಗಿ ಕುಂಬಾರ ಗುಡ್ಡ ತೋರಿಸಿದೆ. ಕೋಟೆ ಕಟ್ಟುವವನಿಗೆ ಎದುರಿಗಿರುವ ಗುಡ್ಡ ಕಟ್ಟಿ ಮುಗಿಯುವ ತನಕ ಕಾಣದೇ ಇರುತ್ತದೆಯೇ, ಹೈದರನಂಥ ಸೈನಿಕನಿಗೆ ಕಾಣದೇ ಇರುತ್ತದೆಯೇ ಎಂದು ಕೇಳಿದೆ. ಹುಡುಗ ಬಹಳ ಹೊತ್ತು ನೋಡಿ, "ಕಾಣ್ತದಲ್ಲ ಸರ್" ಎಂದ. ಇತಿಹಾಸದ ತರಗತಿಯಲ್ಲಿ ಒಂದು ವರ್ಷ ಕಲಿಸಿದರೂ ಬಾರದ ಪಾಠ ಇದು. ಕಥೆಯನ್ನು ಕೇಳಬೇಕು, ಬರೆದಿಟ್ಟುಕೊಳ್ಳಬೇಕು, ಆಮೇಲೆ ಗುಡ್ಡ ಹತ್ತಿ ನೋಡಬೇಕು. ಅದು ಫ್ರೆಂಚನ ಗೋರಿಯಾದರೂ ವಲಿಯ ಮಜಾರಾದರೂ ಊರಿನವರು ಅದನ್ನು ಮರೆಯಲಿಲ್ಲವೆಂಬುದು ಮಾತ್ರ ಎರಡು ಕಥೆಗೂ ಸಮಾನ.

ಕೆಳಗಿಳಿದರೆ ಕೋಟೆ ಆಂಜನೇಯನ ಗುಡಿ, ಅಲ್ಲಿಂದ ಪೇಟೆಯ ದಾರಿ. ಹೊಟ್ಟೆ ಹಸಿದಿರುತ್ತದೆ. ನಮ್ಮ ತಪಾಸ್ ಇಲ್ಲಿಯೇ. ಯಾವುದೇ ಚಿಕ್ಕ ಹೋಟೆಲಿಗೆ ಹೋಗಿ ಮಂಡಾಳು ಒಗ್ಗರಣೆ, ಮಿರ್ಚಿ ಕೇಳಿದರೆ ಸಾಕು. ಮಂಡಾಳನ್ನು, ಅಂದರೆ ಮಂಡಕ್ಕಿಯನ್ನು, ನೀರಿನಲ್ಲಿ ಅದ್ದಿ ಹಿಂಡಿ, ಸಾಸಿವೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನದ ಒಗ್ಗರಣೆಗೆ ಹಾಕಿ ಕಲಸಿ, ಮೇಲೆ ಪುಟಾಣಿ ಪುಡಿ ಉದುರಿಸುತ್ತಾರೆ. ಪಕ್ಕದಲ್ಲಿ ಕಡಲೆಹಿಟ್ಟಿನಲ್ಲಿ ಮುಳುಗಿಸಿ ಕರಿದ ಉದ್ದನೆಯ ಮಿರ್ಚಿ. ಗಡಿಯಾಚೆ ಆಂಧ್ರದಲ್ಲಿ ಇದನ್ನೇ ಉಗ್ಗಾಣಿ ಬಜ್ಜಿ ಎನ್ನುತ್ತಾರೆ. ಯಾರದು ಮೊದಲು ಎಂಬ ಜಗಳ ಬೇಡ. 1953ರವರೆಗೆ ನಾವೂ ಅವರೂ ಒಂದೇ ಮದ್ರಾಸ್ ಪ್ರಾಂತ್ಯದ ಒಂದೇ ಜಿಲ್ಲೆಯವರಾಗಿದ್ದೆವು, ಒಗ್ಗರಣೆಗೆ ಆಗ ಗಡಿ ಇರಲಿಲ್ಲ.

ಕುರ್ತುಬಾದ ಮಾರ್ಗದರ್ಶಿ ಬದನೆಕಾಯಿಯ ತಟ್ಟೆ ಹಿಡಿದು ಪಾಠ ಮಾಡುವ ಹಾಗೆ ನಾನು ಈ ತಟ್ಟೆ ಹಿಡಿದು ಪಾಠ ಮಾಡುತ್ತೇನೆ. ಮೊದಲು ಮಂಡಾಳು. ಇದು ಭತ್ತ. ಭತ್ತ ಈ ಕಪ್ಪು ಎರೆನೆಲದ ಬೆಳೆಯಲ್ಲ, ಅದಕ್ಕೆ ನಿಂತ ನೀರು ಬೇಕು. ಆ ನೀರು ಸಿರುಗುಪ್ಪದ ಕಡೆ ಇದೆ. ತುಂಗಭದ್ರೆಗೆ ಅಡ್ಡಗಟ್ಟೆ ಕಟ್ಟಿ ಸಿರುಗುಪ್ಪ ಮತ್ತು ದೇಶನೂರಿನ ಕಾಲುವೆಗಳನ್ನು ತೆಗೆದದ್ದು ವಿಜಯನಗರದ ಕಾಲದಲ್ಲಿ. ಇಂದಿಗೂ ಅವುಗಳಲ್ಲಿ ನೀರು ಹರಿಯುತ್ತದೆ, ರೈತರು ಗದ್ದೆ ಮಾಡುತ್ತಾರೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಬಂದ ಮೇಲೆ ಗದ್ದೆಯ ವಿಸ್ತಾರ ಬಹಳ ಹೆಚ್ಚಿತು, ಅಕ್ಕಿಗಿರಣಿಗಳು ಬೆಳೆದವು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದಾಗ ಅದು ಮಲ್ಲಿಗೆಯಂತೆ ಅರಳುತ್ತದೆ. ಭಟ್ಟಿಯ ಮುಂದೆ ಹೊಗೆ ಮತ್ತು ಬಿಸಿಯಲ್ಲಿ ನಿಂತು ಈ ಕೆಲಸ ಮಾಡುವವರಲ್ಲಿ ನಮ್ಮ ಜನ ಬಹಳ. ಅದನ್ನು ಮಕ್ಕಳಿಗೆ ಹೇಳಬೇಕಾದದ್ದಿಲ್ಲ, ಕೆಲವರ ಮನೆಯಲ್ಲೇ ಅದು ನಡೆಯುತ್ತದೆ.

ಇನ್ನು ಮಿರ್ಚಿ. ಈ ಕಾಯಿ ಹಿಂದೂಸ್ತಾನದ್ದಲ್ಲ ಎಂದರೆ ಮಕ್ಕಳು ನಂಬುವುದೇ ಇಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. 1492ರ ಆಗಸ್ಟಿನಲ್ಲಿ ಕೊಲಂಬಸ್ ಸ್ಪೇನಿನ ಬಂದರಿನಿಂದ ಹೊರಟು ಅಲ್ಲಿಗೆ ಹೋದನು. ಅವನು ಹುಡುಕುತ್ತಿದ್ದುದು ನಮ್ಮ ಕಾಳುಮೆಣಸನ್ನು, ಸಿಕ್ಕಿದ್ದು ಇದು. ಪೋರ್ಚುಗೀಸರು ಅದನ್ನು ಗೋವೆಯ ದಾರಿಯಲ್ಲಿ ನಮಗೆ ತಂದರು. ಗ್ರನಾಡಾ ಬಿದ್ದದ್ದು ಯಾವ ವರ್ಷ ಎಂದು ಮೇಲೆ ಬರೆದಿದ್ದೇನೆ, ಮತ್ತೊಮ್ಮೆ ನೋಡಿ. ಅದೇ 1492. ಯಾವ ರಾಣಿ ಇಸಾಬೆಲ್ಲಾ ಅಂದಲೂಸಿನ ಕೊನೆಯ ಸುಲ್ತಾನನಿಂದ ಕೀಲಿಕೈ ತೆಗೆದುಕೊಂಡಳೋ ಅವಳೇ ಕೊಲಂಬಸನನ್ನು ಕಳುಹಿಸಿದವಳು. ಇಂದು ಸಿರುಗುಪ್ಪ, ಕುರುಗೋಡು ಸೀಮೆಯ ಹೊಲಗಳಲ್ಲಿ ಕೆಂಪಗೆ ಒಣಗಿ, ಬ್ಯಾಡಗಿಯ ಮಾರುಕಟ್ಟೆಗೆ ಲಾರಿಗಟ್ಟಲೆ ಹೋಗುವ ಕಾಯಿಯ ಚರಿತ್ರೆ ಹೀಗಿದೆ. ಹಾಗೆಯೇ ಪುಟಾಣಿಯ ಕಡಲೆ ನಮ್ಮದೇ ಹಳೆಯ ಬೆಳೆ, ಟೊಮೆಟೊ ಹಾಕಿದ್ದರೆ ಅದೂ ಅಮೆರಿಕದ್ದು, ಕರಿದ ಎಣ್ಣೆ ಶೇಂಗಾದ್ದಾದರೆ ಶೇಂಗಾ ಕೂಡ ಅಲ್ಲಿಯದೇ. ಹತ್ತಾರು ರೂಪಾಯಿಯ ಒಂದು ತಟ್ಟೆಯಲ್ಲಿ ಇಷ್ಟೆಲ್ಲ ಇದೆ.

ಪರದೇಶದಿಂದ ಬಂದದ್ದಷ್ಟೇ ಹೇಳಿದರೆ ಅರ್ಧ ಹೇಳಿದ ಹಾಗೆ. ಬಳ್ಳಾರಿಯಿಂದ ಸ್ವಲ್ಪ ದೂರದ ಸಂಗನಕಲ್ಲಿನ ಗುಡ್ಡದಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ವಾಸವಾಗಿದ್ದ ಜನರ ಕಲ್ಲಿನ ಕೊಡಲಿಗಳು, ಬಂಡೆಯ ಮೇಲೆ ಕೊರೆದ ದನಗಳ ಚಿತ್ರಗಳು, ಹೊಡೆದರೆ ಗಂಟೆಯಂತೆ ಸದ್ದು ಮಾಡುವ ಬಂಡೆಗಳು ಸಿಕ್ಕಿವೆ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಶಿಲಾಯುಗದ ನೆಲೆಗಳನ್ನು ಮೊದಲು ಲೋಕಕ್ಕೆ ತಿಳಿಸಿದನು, 1946ರಲ್ಲಿ ಸುಬ್ಬರಾವ್ ಅವರು ಸಂಗನಕಲ್ಲಿನಲ್ಲಿ ಉತ್ಖನನ ಮಾಡಿದರು. ಇತ್ತೀಚಿನ ಸಂಶೋಧನೆಗಳಲ್ಲಿ ಆ ಜನ ಹುರುಳಿ, ಹೆಸರು ಮತ್ತು ಕಿರುಧಾನ್ಯಗಳನ್ನು ಬೆಳೆದು ತಿನ್ನುತ್ತಿದ್ದರೆಂದು ಸುಟ್ಟ ಕಾಳುಗಳಿಂದ ಗೊತ್ತಾಗಿದೆ. ನಮ್ಮ ಅಮ್ಮಂದಿರು ಮಾಡುವ ಹುರುಳಿಯ ಕಟ್ಟಿಗೆ ಕೋಟೆಗಿಂತಲೂ ವಯಸ್ಸು ಹೆಚ್ಚು.

ಪೇಟೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಬ್ರೂಸ್‌ಪೇಟೆ ಎಂಬುದು ಬ್ರೂಸ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರು. ಟಿಪ್ಪು ಸುಲ್ತಾನ್ 1799ರಲ್ಲಿ ಶಹೀದರಾದ ಮೇಲೆ, 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿಯೂ ಸೇರಿ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು ಏಳು ವರ್ಷ ಇದ್ದು ರಯತವಾರಿ ಕಂದಾಯವನ್ನು ಗಟ್ಟಿಮಾಡಿದನು. ಇಂಗ್ಲಿಷರ ಸರಕಾರವಾದರೂ ಮಾತು ನಮ್ಮದೇ ಆಗಿತ್ತೆಂಬುದನ್ನು ಗಮನಿಸಬೇಕು. ರೈತ, ಜಿಲ್ಲೆ, ತಾಲ್ಲೂಕು, ತಹಶೀಲ್ದಾರ, ಜಮಾಬಂದಿ, ವಕೀಲ, ಜಾಮೀನು, ತಕರಾರು, ಈ ಯಾವುದನ್ನು ತೆಗೆದರೂ ಕನ್ನಡದ ಕಚೇರಿ ಒಂದು ದಿನ ನಡೆಯದು. ಉರ್ದು ಮಾಧ್ಯಮದ ಮಕ್ಕಳಿಗೆ ಕನ್ನಡ ಕಷ್ಟ ಎನ್ನುವ ಪಾಲಕರಿಗೆ ನಾನು ಈ ಪಟ್ಟಿಯನ್ನೇ ಓದಿ ಹೇಳುತ್ತೇನೆ. ಸ್ಪೇನಿನವರ ಅಡುಗೆಮನೆಯಲ್ಲಿ ಅರಬ್ಬಿ ಇರುವ ಹಾಗೆ ನಮ್ಮ ಕಂದಾಯ ಕಚೇರಿಯಲ್ಲಿ ಅರಬ್ಬಿ ಫಾರಸಿ ಇವೆ.

ರೈಲು ಹಳಿ ದಾಟಿದರೆ ಕೌಲ್ ಬಜಾರ್. ಹೆಸರಿನ ಅರ್ಥ ಕೇಳಿದಾಗ ಒಬ್ಬ ವಿದ್ಯಾರ್ಥಿನಿ, "ಖವ್ವಾಲಿ ಹಾಡೋರು ಇದ್ರಾ ಸರ್?" ಎಂದಳು. ಎಲ್ಲರೂ ನಕ್ಕರು. ನಗುವಂಥದ್ದೇನೂ ಇರಲಿಲ್ಲ, ಅವಳು ಗುರಿಯ ಹತ್ತಿರಕ್ಕೇ ಕಲ್ಲು ಹೊಡೆದಿದ್ದಳು. ಅರಬ್ಬಿಯ ಕೌಲ್ ಎಂದರೆ ಮಾತು, ನುಡಿ. ಅದರಿಂದಲೇ ಖವ್ವಾಲಿ. ಕೊಟ್ಟ ಮಾತು ಎಂಬ ಅರ್ಥದಿಂದ ಅದು ಆಡಳಿತದಲ್ಲಿ ಕರಾರುಪತ್ರವಾಯಿತು. ಹಳೆಯ ಕನ್ನಡ ಕಾಗದಗಳಲ್ಲಿ ಕೌಲು, ಕೌಲುನಾಮೆ ಎಂದು ಬರುತ್ತದೆ. ಸೈನ್ಯದ ಹಿಂದೆ ಬಂದ ವ್ಯಾಪಾರಿಗಳಿಗೂ ಕಸುಬುದಾರರಿಗೂ ಇಂತಿಂಥ ಷರತ್ತಿನ ಮೇಲೆ ಇಲ್ಲಿ ನೆಲೆಸಿ ಎಂದು ಕೌಲು ಬರೆದುಕೊಟ್ಟು ಕೂರಿಸಿದ ಬಜಾರು, ಆದ್ದರಿಂದ ಕೌಲ್ ಬಜಾರ್ ಎಂಬುದು ಪ್ರಚಲಿತ ವಿವರಣೆ. ಒಂದು ಇಡೀ ಬಡಾವಣೆಗೆ 'ಕೊಟ್ಟ ಮಾತು' ಎಂದು ಹೆಸರಿರುವುದು ಇನ್ನೆಲ್ಲಾದರೂ ಇದೆಯೋ, ನನಗಂತೂ ಗೊತ್ತಿಲ್ಲ.

ದಂಡಿನ ಊರಾದ್ದರಿಂದ ದರ್ಜಿಗಳು ಬಂದರು. ಸೈನಿಕರ ಸಮವಸ್ತ್ರ ಹೊಲಿದ ಕೈಗಳ ಮೊಮ್ಮಕ್ಕಳೇ ಇಂದು ಜೀನ್ಸ್ ಹೊಲಿಯುತ್ತಿದ್ದಾರೆ ಎಂದು ಊರಿನ ಹಿರಿಯರು ಹೇಳುತ್ತಾರೆ. ಮಧ್ಯಾಹ್ನ ಹೋದರೆ ಪ್ರತಿ ಗಲ್ಲಿಯಲ್ಲೂ ಮಿಷನ್ನಿನ ಸದ್ದು. ರಂಜಾನಿನ ಸಂಜೆ ಹೋದರೆ ಸದ್ದೇ ಬೇರೆ: ಸಮೋಸ ಕರಿಯುವವರು, ಹಲೀಮಿನ ಹಂಡೆ, ದಹಿವಡೆ, ಖರ್ಜೂರದ ಗಾಡಿ. ಅಜಾನಿಗೆ ಐದು ನಿಮಿಷ ಇರುವಾಗ ಇಡೀ ಬೀದಿ ಒಮ್ಮೆ ಮೌನವಾಗುತ್ತದಲ್ಲ, ಅದನ್ನು ನಮ್ಮ ಹಿಂದೂ ಗೆಳೆಯರೂ ಬಂದು ನೋಡುವುದುಂಟು, ತಿನ್ನುವುದುಂಟು.

ದಂಡಿನ ಜೊತೆ ಸೆರೆಮನೆಯೂ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ ತುರ್ಕಿಯ ಯುದ್ಧಕೈದಿಗಳನ್ನು ಇಡುತ್ತಿದ್ದ ಶಿಬಿರಗಳಲ್ಲಿ ಬಳ್ಳಾರಿಯೂ ಒಂದು. 1917ರಲ್ಲಿ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಂಸ್ಥೆಯ ಪ್ರತಿನಿಧಿಗಳು ಬಂದು ಇದನ್ನು ಪರಿಶೀಲಿಸಿದ್ದರು. ನಾಲ್ಕೈದು ವರ್ಷಗಳಲ್ಲಿ, 1921ರ ಮಲಬಾರಿನ ದಂಗೆಯ ನಂತರ, ಮಾಪಿಳ್ಳೆ ಕೈದಿಗಳು ಇಲ್ಲಿನ ಸೆರೆಮನೆಗೆ ಬಂದರು. ಸಮುದ್ರ ತೀರದ ಹಸಿರಿನಲ್ಲಿ ಹುಟ್ಟಿದವರಿಗೆ ಈ ಬೋಳು ಬಂಡೆಯ ಊರಿನ ಬೇಸಿಗೆ ಹೇಗಿತ್ತೋ. ಮಕ್ಕಳು ಈ ಭಾಗದಲ್ಲಿ ಏನೂ ಕೇಳುವುದಿಲ್ಲ, ಸುಮ್ಮನೆ ನಡೆಯುತ್ತಾರೆ.

ಕಾಲ್ನಡಿಗೆಯಲ್ಲಿ ನಾನು ತಪ್ಪದೆ ಹೇಳುವ ಇನ್ನೊಂದು ಹೆಸರು ಪಿಂಜಾರ ರಂಜಾನ್ ಸಾಬ್ ಅವರದು. ಭಾಷೆಯ ಆಧಾರದ ಮೇಲೆ ಆಂಧ್ರ ರಾಜ್ಯ ಮಾಡುವುದೆಂದು ನಿರ್ಧಾರವಾದಾಗ ಬಳ್ಳಾರಿ ಯಾರ ಪಾಲಿಗೆ ಎಂಬ ದೊಡ್ಡ ವಿವಾದ ಎದ್ದಿತು. ನ್ಯಾಯಮೂರ್ತಿ ವಾಂಛೂ ಅವರ ವರದಿಯ ನಂತರ ಬಳ್ಳಾರಿ ತಾಲ್ಲೂಕಿನ ಪ್ರಶ್ನೆಯನ್ನು ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರಿಗೆ ಒಪ್ಪಿಸಲಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮುಂತಾದವು ಮೈಸೂರು ರಾಜ್ಯಕ್ಕೆ ಬಂದವು. 1953ರ ಅಕ್ಟೋಬರ್ 1ರಂದು ಸೇರ್ಪಡೆಯ ಸಂಭ್ರಮ. ಅದಕ್ಕಾಗಿ ಹಾಕಿದ್ದ ಚಪ್ಪರಕ್ಕೆ ಹಿಂದಿನ ರಾತ್ರಿ ಕಾವಲಿದ್ದವರು ರಂಜಾನ್ ಸಾಬ್. ಗರಡಿಯಲ್ಲಿ ಪಳಗಿದ ಪೈಲ್ವಾನರು. ಕತ್ತಲಲ್ಲಿ ವಿರೋಧಿಗಳು ಎಸೆದ ಆಸಿಡ್ ಬಲ್ಬಿಗೆ ಅವರು ಬಲಿಯಾದರು. ಕರ್ನಾಟಕ ಏಕೀಕರಣದ ಹುತಾತ್ಮರೆಂದು ಅವರನ್ನು ಸ್ಮರಿಸುತ್ತಾರೆ.

ಪಿಂಜಾರರೆಂದರೆ ಹತ್ತಿ ಎಕ್ಕುವವರು. ಬಳ್ಳಾರಿಯ ಎರೆನೆಲದ ಹತ್ತಿಯನ್ನು ಬಿಲ್ಲಿನಿಂದ ಹದ ಮಾಡಿ ಹಾಸಿಗೆ ತುಂಬಿಕೊಟ್ಟ ಕಸುಬಿನವರು. ಅವರ ಮನೆಗಳಲ್ಲಿ ಬಹಳ ಕಡೆ ಕನ್ನಡವೇ ಮನೆಮಾತು. ನವೆಂಬರ್ ತಿಂಗಳಿನಲ್ಲಿ ಕನ್ನಡದ ಭಾಷಣ ಸ್ಪರ್ಧೆಗೆ ನಮ್ಮ ಮಕ್ಕಳನ್ನು ತಯಾರು ಮಾಡುವಾಗ ಏಕೀಕರಣಕ್ಕಾಗಿ ದುಡಿದವರ ಹೆಸರುಗಳನ್ನು ಬರೆಸುತ್ತೇವೆ. ಈ ಹೆಸರನ್ನೂ ಬರೆಸೋಣ. ನಮ್ಮವರೆಂಬ ಕಾರಣಕ್ಕಲ್ಲ, ಊರಿನವರೆಂಬ ಕಾರಣಕ್ಕೆ. ಬಳ್ಳಾರಿ ಕನ್ನಡನಾಡಿನಲ್ಲಿ ಉಳಿದದ್ದರ ಲೆಕ್ಕದಲ್ಲಿ ಅವರದೊಂದು ಜೀವವಿದೆ.

ಊರಿನ ನಡಿಗೆ ಇಲ್ಲಿಗೆ ಮುಗಿಯುತ್ತದೆ, ಮಕ್ಕಳಿಗೆ ಹನ್ನೊಂದು ಗಂಟೆಗೆ ಬಿಸಿಲು ತಡೆಯುವುದಿಲ್ಲ. ಇನ್ನೊಂದು ದಿನಕ್ಕೆ ಕುರುಗೋಡು ಮತ್ತು ಸಿರುಗುಪ್ಪ. ಕುರುಗೋಡು ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಸಿಂದ ಅರಸರ ಊರು. ಗುಡ್ಡದ ಬುಡದಲ್ಲಿ ಆ ಕಾಲದ ಚಿಕ್ಕ ಚಿಕ್ಕ ಕಲ್ಲುಗುಡಿಗಳು ಸಾಲಾಗಿವೆ. ದೊಡ್ಡಬಸವೇಶ್ವರನ ಗುಡಿಯಲ್ಲಿ ಒಂದೇ ಕಲ್ಲಿನ ಬೃಹತ್ ಬಸವಣ್ಣನಿದ್ದಾನೆ. ಅದರ ಮುಂದೆ ನಿಂತರೆ ಮನುಷ್ಯ ಎಷ್ಟು ಚಿಕ್ಕವನೆಂದು ತಾನಾಗಿಯೇ ತಿಳಿಯುತ್ತದೆ. ಸಿರುಗುಪ್ಪದ ದಾರಿಯಲ್ಲಿರುವ ತೆಕ್ಕಲಕೋಟೆಯಲ್ಲೂ ಶಿಲಾಯುಗದ ನೆಲೆಯಿದೆ, 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ಅದನ್ನು ಅಗೆದು ನೋಡಿದರು.

ಈ ಎರಡು ಊರುಗಳ ಸುತ್ತಿನ ಹಳ್ಳಿಗಳಿಗೆ ಮೊಹರಂ ತಿಂಗಳಿನಲ್ಲಿ ಹೋಗುವುದು ಒಳ್ಳೆಯದು. ಒಂದೆರಡೇ ಮುಸ್ಲಿಂ ಮನೆಗಳಿರುವ ಹಳ್ಳಿಗಳಲ್ಲೂ ಅಲಾಯಿ ಕುಣಿ ತೋಡಿ ಪೀರಲು ಕೂರಿಸುತ್ತಾರೆ, ಊರಿನ ಗೌಡರು ಸಕ್ಕರೆ ಓದಿಸುತ್ತಾರೆ, ಕುಣಿಯುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಇದರ ಬಗ್ಗೆ ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದು ಅವರ ಕ್ಷೇತ್ರ. ಚರಿತ್ರೆಯ ವಿದ್ಯಾರ್ಥಿ ಕಂಡದ್ದನ್ನು ಬರೆದುಕೊಳ್ಳಬೇಕು. ಆ ದಿನಗಳಲ್ಲಿ ಗೋಧಿಹಿಟ್ಟು, ಬೆಲ್ಲದಿಂದ ಚೊಂಗೆ ಮಾಡುತ್ತಾರೆ. ಅದರ ಮೇಲೆ ಗೆರೆ ಕೊರೆಯಲು ಬಳಸುವ ಕೆತ್ತನೆಯ ಮರದ ಹಲಗೆ ಹಳೆಯ ಮನೆಗಳಲ್ಲಿ ಇನ್ನೂ ಸಿಗಬಹುದು, ಅಟ್ಟದ ಮೇಲೆ ಹುಡುಕಿಸಿ.

ನಮ್ಮ ಸಂಘದ ಸದಸ್ಯರಲ್ಲಿ ಸಿರುಗುಪ್ಪದ ಗಿರಣಿಯವರು, ಕೌಲ್ ಬಜಾರಿನ ಅಂಗಡಿಯವರು, ಕೋಟೆ ಪ್ರದೇಶದ ಹಿರಿಯರು ಇದ್ದಾರೆ. ಒಬ್ಬೊಬ್ಬರು ತಮ್ಮ ಬೀದಿಯಲ್ಲಿ ಅರ್ಧ ಗಂಟೆ ಮಕ್ಕಳ ಮುಂದೆ ನಡೆದರೆ ಸಾಕು. ಮುಂದಿನ ನಡಿಗೆಯನ್ನು ಡಿಸೆಂಬರ್ ರಜೆಯ ಮೊದಲ ಭಾನುವಾರಕ್ಕೆ ಇಟ್ಟುಕೊಳ್ಳುವ ಆಲೋಚನೆಯಿದೆ. ಬರುವವರು ನೀರಿನ ಬಾಟಲಿ, ಒಂದು ನೋಟ್‌ಬುಕ್, ಒಗ್ಗರಣೆ ಮಿರ್ಚಿಗೆ ಚಿಲ್ಲರೆ ತರಬೇಕು. ಚಪ್ಪಲಿ ಗಟ್ಟಿಯಾಗಿರಲಿ, ಕೋಟೆಯ ಮೆಟ್ಟಿಲುಗಳು ನುಣುಪಾಗಿವೆ.